ಪೆಪ್ಟೈಡ್‌ಗೆ ಕಂಡ ತಾಣ ಒಂದು, ವೈರಸ್ ಮೇಲಿದ್ದದ್ದು ಐದು: ಕಾಲುಬಾಯಿ ಜ್ವರದ ಒ ವೈರಸ್‌ನ ಎಪಿಟೋಪ್ ನಕ್ಷೆ

ಕಾಲುಬಾಯಿ ಜ್ವರದ ವೈರಸ್‌ನ ಒ ಸೀರೊಟೈಪಿನ (ಪ್ರತಿಕಾಯಗಳು ಬೇರೆಯಾಗಿ ಗುರುತಿಸುವ ಬಗೆ) ಮೇಲೆ ಪ್ರತಿಕಾಯಗಳು ಎಲ್ಲೆಲ್ಲಿ ಹಿಡಿಯುತ್ತವೆ, ಅಂದರೆ ಅದರ ಎಪಿಟೋಪ್‌ಗಳು ಎಲ್ಲಿವೆ? 1980ರ ದಶಕದಲ್ಲಿ ಈ ಪ್ರಶ್ನೆಗೆ ಎರಡು ದಾರಿಯಲ್ಲಿ ಉತ್ತರ ಹುಡುಕಿದರು. ಎರಡೂ ಅಚ್ಚುಕಟ್ಟಾದ ಕೆಲಸ, ಆದರೆ ಬಂದ ಉತ್ತರಗಳು ಬೇರೆ ಬೇರೆ. ಸಣ್ಣ ಸಣ್ಣ ಪೆಪ್ಟೈಡ್‌ಗಳನ್ನು (ಅಮೈನೊ ಆಮ್ಲಗಳ ಕಿರು ಸರಪಳಿಗಳನ್ನು) ತಯಾರಿಸಿ ಒಂದೊಂದನ್ನೂ ಪರೀಕ್ಷಿಸಿದವರಿಗೆ ವೈರಸ್ ಕವಚದ ವಿಪಿ1 ಪ್ರೋಟೀನಿನ ಒಂದು ಪುಟ್ಟ ತುಣುಕು ಎದ್ದು ಕಂಡಿತು. ಒಂದೇ ಎಪಿಟೋಪ್ ಹಿಡಿಯುವ ಮೊನೊಕ್ಲೋನಲ್ ಪ್ರತಿಕಾಯಗಳಿಂದ ತಪ್ಪಿಸಿಕೊಂಡ ರೂಪಾಂತರಿ ವೈರಸ್‌ಗಳನ್ನು ಓದಿದವರಿಗೆ 1987ರಲ್ಲಿ ಮೂರು, 1989ರಲ್ಲಿ ನಾಲ್ಕು, 1993ಕ್ಕೆ ಐದು ತಾಣಗಳು ಸಿಕ್ಕವು.

ಹೊಸ ಮೊನೊಕ್ಲೋನಲ್ ಪ್ರತಿಕಾಯ ಕೈಗೆ ಬಂದಾಗ ಇಂದಿಗೂ ಹೆಚ್ಚಿನವರು ಮೊದಲು ಮಾಡುವುದು ಪೆಪ್ಟೈಡ್ ಸ್ಕ್ಯಾನ್: ಪ್ರೋಟೀನಿನ ಉದ್ದಕ್ಕೂ ಸರಿಸುತ್ತ ತಯಾರಿಸಿದ ಪೆಪ್ಟೈಡ್‌ಗಳಲ್ಲಿ ಪ್ರತಿಕಾಯ ಯಾವುದನ್ನು ಹಿಡಿಯುತ್ತದೆ ಎಂದು ನೋಡುವುದು. ಸ್ಕ್ಯಾನ್ ಖಾಲಿ ಬಂದರೆ ಪ್ರತಿಕಾಯವನ್ನೇ ಪಕ್ಕಕ್ಕಿಡುವವರೂ ಇದ್ದಾರೆ. ಪೆಪ್ಟೈಡ್ ಸ್ಕ್ಯಾನಿನ ಮೌನಕ್ಕೆ ಏನು ಅರ್ಥ, ಏನು ಅರ್ಥವಲ್ಲ ಎಂಬುದನ್ನು ಒ ವೈರಸ್‌ನಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಅಪರೂಪ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

ವೈರಸ್‌ನ ಮೈ

ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ. ಸುಮಾರು 30 ನ್ಯಾನೊಮೀಟರ್ ಅಗಲದ ಪ್ರೋಟೀನ್ ಕವಚ, ಅದರೊಳಗೆ ಸುಮಾರು 8,400 ನ್ಯೂಕ್ಲಿಯೊಟೈಡ್‌ಗಳ ಆರ್‌ಎನ್‌ಎ. ವಿಪಿ1, ವಿಪಿ2, ವಿಪಿ3, ವಿಪಿ4 ಎಂಬ ನಾಲ್ಕು ಪ್ರೋಟೀನ್‌ಗಳ ತಲಾ 60 ಪ್ರತಿ ಸೇರಿ ಕವಚವಾಗುತ್ತದೆ. ವಿಪಿ4 ಒಳಗಡೆ ಅಡಗಿರುತ್ತದೆ. ಪ್ರತಿಕಾಯಕ್ಕೆ ಸಿಗುವುದು ಉಳಿದ ಮೂರು. ಇಡೀ ಕಣವನ್ನು 146ಎಸ್ ಎನ್ನುತ್ತಾರೆ (ಎಸ್ ಎಂಬುದು ವೇಗವಾಗಿ ತಿರುಗಿಸಿದಾಗ ಕಣ ಕೆಳಗಿಳಿಯುವ ವೇಗದ ಅಳತೆ). ಪಿಎಚ್ 7ಕ್ಕಿಂತ ಕೆಳಗಿಳಿದರೆ, ಅಥವಾ 56 ಡಿಗ್ರಿ ಸೆಲ್ಸಿಯಸ್ ಬಿಸಿ ತಗುಲಿದರೆ, ಅದು 12ಎಸ್ ಎಂಬ ಐದೈದರ ತುಂಡುಗಳಾಗಿ ಒಡೆಯುತ್ತದೆ. ಎಪಿಟೋಪ್ ಕೆಲಸದಲ್ಲಿ ಆಗುವ ಗೊಂದಲದ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ: ಪರೀಕ್ಷೆಯ ಪ್ಲೇಟಿನಲ್ಲಿ ಇರುವುದು 146ಎಸ್ ಎಂದುಕೊಂಡಿರುತ್ತೇವೆ, ಇರುವುದು 12ಎಸ್.

ವಿಪಿ1ರ ಜಿ ಮತ್ತು ಎಚ್ ಎಳೆಗಳ ನಡುವೆ, ಸುಮಾರು 134ರಿಂದ 160ನೇ ಅಮೈನೊ ಆಮ್ಲದವರೆಗೆ, ಒಂದು ಉದ್ದನೆಯ ಕುಣಿಕೆ ಕವಚದಿಂದ ಹೊರಚಾಚಿದೆ. ಒ1 ಕೌಫ್‌ಬ್ಯೂರೆನ್ ತಳಿಯಲ್ಲಿ ಈ ಕುಣಿಕೆಯ 145, 146, 147ನೇ ಸ್ಥಾನಗಳಲ್ಲಿ ಅರ್ಜಿನೈನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಇವೆ. ವೈರಸ್ ಜೀವಕೋಶದ ಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನನ್ನು ಹಿಡಿಯುವುದು ಆರ್‌ಜಿಡಿ ಎಂಬ ಈ ಮೂರರ ಮೂಲಕ. 1989ರಲ್ಲಿ 2.9 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಕವಚದ ಸ್ಫಟಿಕ ರಚನೆ ಹೊರಬಂದಾಗ ಉಳಿದೆಲ್ಲ ಭಾಗ ಚೆನ್ನಾಗಿ ಕಂಡಿತು, ಈ ಕುಣಿಕೆ ಮಾತ್ರ ಮಸುಕಾಗಿತ್ತು. ಅದು ಒಂದೇ ಭಂಗಿಯಲ್ಲಿ ನಿಂತಿರಲಿಲ್ಲ.

ಪೆಪ್ಟೈಡ್ ದಾರಿ

1982ರಲ್ಲೇ ಎರಡು ಸುಳಿವು ಸಿಕ್ಕಿದ್ದವು. ವಿಪಿ1 ಅನ್ನು ಕಿಣ್ವ ಮತ್ತು ರಾಸಾಯನಿಕಗಳಿಂದ ಕತ್ತರಿಸಿ ಯಾವ ತುಂಡು ತಟಸ್ಥಗೊಳಿಸುವ ಪ್ರತಿಕಾಯ ಹುಟ್ಟಿಸುತ್ತದೆ ಎಂದು ನೋಡಿದ ಕೆಲಸ ಕುಣಿಕೆಯ ಭಾಗವನ್ನೂ 200ರ ನಂತರದ ಬಾಲವನ್ನೂ ತೋರಿಸಿತು. 141ರಿಂದ 160ರವರೆಗಿನ 20 ಅಮೈನೊ ಆಮ್ಲಗಳ ಕೃತಕ ಪೆಪ್ಟೈಡ್ ಕೊಟ್ಟ ಪ್ರಾಣಿಗಳಲ್ಲಿ ವೈರಸ್ ತಟಸ್ಥಗೊಳಿಸುವ ಪ್ರತಿಕಾಯ ಬಂತು.

1984ರಲ್ಲಿ ಗೈಸೆನ್, ಮೆಲೋನ್, ಬಾರ್ಟೆಲಿಂಗ್ ಇದನ್ನು ಕೊನೆಮುಟ್ಟ ಒಯ್ದರು. 213 ಅಮೈನೊ ಆಮ್ಲಗಳ ವಿಪಿ1ರಲ್ಲಿ ಸಾಧ್ಯವಿರುವ ಆರಾರರ ಪೆಪ್ಟೈಡ್ 208. ಅಷ್ಟನ್ನೂ ಘನ ಆಧಾರದ ಮೇಲೇ ತಯಾರಿಸಿ, ಅಲ್ಲಿಂದ ಬಿಡಿಸದೆಯೇ ಪ್ರತಿಕಾಯದೊಂದಿಗೆ ಪರೀಕ್ಷಿಸಿದರು. ಸಿಕ್ಕಿದ್ದು 146ರಿಂದ 152: ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ, ಲ್ಯೂಸಿನ್, ಗ್ಲುಟಮಿನ್, ವ್ಯಾಲಿನ್, ಲ್ಯೂಸಿನ್, ಅಲನಿನ್. ಆಮೇಲೆ ಈ ಏಳು ಸ್ಥಾನಗಳಲ್ಲೂ 20 ಅಮೈನೊ ಆಮ್ಲಗಳನ್ನು ಒಂದೊಂದಾಗಿ ಕೂರಿಸಿ ನೋಡಿದರು. 148 ಮತ್ತು 151ರ ಲ್ಯೂಸಿನ್ ಬದಲಾದರೆ ಇಡೀ ವೈರಸ್ ವಿರುದ್ಧದ ಸೀರಂ (ಪ್ರತಿಕಾಯಗಳಿರುವ ರಕ್ತದ ದ್ರವ) ಹಿಡಿಯುವುದೇ ಇಲ್ಲ. 149ರ ಗ್ಲುಟಮಿನ್, 152ರ ಅಲನಿನ್‌ಗಳ ಪಾಲು ಅದಕ್ಕಿಂತ ಕಡಿಮೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆರ್‌ಜಿಡಿ ಆದಮೇಲೆ ತಕ್ಷಣ ಒಂದು ಲ್ಯೂಸಿನ್, ಎರಡು ಬಿಟ್ಟು ಇನ್ನೊಂದು ಲ್ಯೂಸಿನ್: ಆಲ್ಫಾ-ವಿ-ಬೀಟಾ-6 ಇಂಟೆಗ್ರಿನ್ ಗುರುತಿಸುವ ಜೋಡಣೆಯೂ ಇದೇ. ಜೀವಕೋಶದ ಬಾಗಿಲು ತೆರೆಯಲು ವೈರಸ್‌ಗೆ ಬೇಕಾದ ಲ್ಯೂಸಿನ್‌ಗಳ ಮೇಲೇ ಪ್ರತಿಕಾಯವೂ ಕಣ್ಣಿಟ್ಟಿದೆ. ಬರೇ ಪೆಪ್ಟೈಡ್‌ಗಳಿಂದ ಇಷ್ಟು ಸೂಕ್ಷ್ಮವಾದ ಮಾಹಿತಿ ಸಿಕ್ಕಿತೆಂಬುದು ಈ ವಿಧಾನದ ನಿಜವಾದ ಹೆಚ್ಚುಗಾರಿಕೆ.

ಇಂದು ಇದೇ ಕೆಲಸವನ್ನು 15 ಅಮೈನೊ ಆಮ್ಲಗಳ ಪೆಪ್ಟೈಡ್‌ಗಳಲ್ಲಿ, ಮೂರು ಮೂರು ಸ್ಥಾನ ಸರಿಸುತ್ತ ಮಾಡುವುದು ವಾಡಿಕೆ. 213ರ ಪ್ರೋಟೀನಿಗೆ 67 ಪೆಪ್ಟೈಡ್ ಸಾಕು. ನಿಯಂತ್ರಣಗಳೂ ಸೇರಿ ಒಂದು 96 ವೆಲ್ ಪ್ಲೇಟಿನಲ್ಲಿ ಮುಗಿಯುತ್ತದೆ. 146–152ರ ಎಪಿಟೋಪ್ ಇದ್ದರೆ 139–153, 142–156, 145–159 ಎಂಬ ಮೂರು ಅಕ್ಕಪಕ್ಕದ ಪೆಪ್ಟೈಡ್‌ಗಳು ಬಣ್ಣ ಕೊಡಬೇಕು; ಬಣ್ಣ ಎಂದರೆ ಪ್ರತಿಕಾಯ ಹಿಡಿದದ್ದರ ಗುರುತು. ಮೂರಕ್ಕೂ ಸಾಮಾನ್ಯವಾದ ಭಾಗ 145–153. ಅಲ್ಲಿಂದ ಮುಂದೆ ಒಂದೊಂದೇ ಸ್ಥಾನ ಸರಿಸಿ, ಎರಡೂ ತುದಿ ಕತ್ತರಿಸುತ್ತ ಬಂದು, ಕೊನೆಗೆ ಒಂದೊಂದು ಸ್ಥಾನವನ್ನೂ ಅಲನಿನ್‌ಗೆ ಬದಲಾಯಿಸಿ ನೋಡುವುದು. ಪ್ರೋಟೀನಿನ ಎರಡು ತುದಿಗಳನ್ನು ಬಿಟ್ಟರೆ, ಏಳು ಅಮೈನೊ ಆಮ್ಲಗಳ ಎಪಿಟೋಪ್ ಈ ಜೋಡಣೆಯಲ್ಲಿ ಯಾವಾಗಲೂ ಮೂರು ಪೆಪ್ಟೈಡ್‌ಗಳಲ್ಲಿ ಪೂರ್ತಿಯಾಗಿ ಇರುತ್ತದೆ. ಹಾಗಾಗಿ ಒಂಟಿಯಾಗಿ ಮಿನುಗುವ ಪೆಪ್ಟೈಡ್ ಕಂಡರೆ ಮೊದಲು ಅನುಮಾನಿಸಿ, ಆಮೇಲೆ ನಂಬಿ.

ಪೆಪ್ಟೈಡನ್ನು ಪ್ಲೇಟಿಗೆ ಹಿಡಿಸಲು ಅದಕ್ಕೆ ಬಯೋಟಿನ್ ಅಂಟಿಸುತ್ತಾರೆ; ಪ್ಲೇಟಿನ ಮೇಲಿನ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಹಿಡಿದುಕೊಳ್ಳುತ್ತದೆ. ಬಯೋಟಿನ್‌ಗೂ ಪೆಪ್ಟೈಡ್‌ಗೂ ನಡುವೆ ಸೆರಿನ್-ಗ್ಲೈಸಿನ್-ಸೆರಿನ್-ಗ್ಲೈಸಿನ್ ಕೊಂಡಿ ಹಾಕಿಸಿಕೊಳ್ಳಬೇಕು. ಇಲ್ಲವಾದರೆ ಪೆಪ್ಟೈಡ್ ಸ್ಟ್ರೆಪ್ಟಾವಿಡಿನ್ನಿನ ಗುಳಿಯೊಳಗೆ ಹೂತು ಹೋಗಿ ಪ್ರತಿಕಾಯಕ್ಕೆ ಸಿಗುವುದಿಲ್ಲ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ದಾಸ್ತಾನು ಮಾಡಿ, ಸಣ್ಣ ಸಣ್ಣ ಪಾಲು ಹಂಚಿ ಮೈನಸ್ 20ರಲ್ಲಿ ಇಡಿ. ಬಳಸುವಾಗ ಮಿಲಿಲೀಟರಿಗೆ 1 ಮೈಕ್ರೊಗ್ರಾಂಗೆ ತೆಳುಮಾಡಿ ಸ್ಟ್ರೆಪ್ಟಾವಿಡಿನ್ ಪ್ಲೇಟಿಗೆ ವೆಲ್‌ಗೆ 100 ಮೈಕ್ರೊಲೀಟರ್, ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ. 0.05 ಶೇಕಡಾ ಟ್ವೀನ್ 20 ಇರುವ ಪಿಬಿಎಸ್‌ನಲ್ಲಿ ತೊಳೆದು, 1 ಶೇಕಡಾ ಬಿಎಸ್‌ಎ ಹಾಕಿ ಖಾಲಿ ಜಾಗ ಮುಚ್ಚಬೇಕು. ಇಲ್ಲಿ ಹಾಲಿನ ಪುಡಿ ಬೇಡ: ಹಾಲಿನಲ್ಲಿ ಬಯೋಟಿನ್ ಇದೆ, ಅದು ಸ್ಟ್ರೆಪ್ಟಾವಿಡಿನ್‌ಗೆ ಅಂಟುತ್ತದೆ. ಶುದ್ಧೀಕರಿಸಿದ ಮೊನೊಕ್ಲೋನಲ್ ಪ್ರತಿಕಾಯ ಮಿಲಿಲೀಟರಿಗೆ 1 ಮೈಕ್ರೊಗ್ರಾಂ, ಒಂದು ಗಂಟೆ. ನಂತರ ಪೆರಾಕ್ಸಿಡೇಸ್ ಜೋಡಿಸಿದ ಎರಡನೇ ಪ್ರತಿಕಾಯ, ಬಣ್ಣ ಕೊಡುವ ಟಿಎಂಬಿ 10 ನಿಮಿಷ, ಗಂಧಕಾಮ್ಲದಿಂದ ನಿಲ್ಲಿಸಿ 450 ನ್ಯಾನೊಮೀಟರಿನಲ್ಲಿ ಓದುವುದು.

ನಾಲ್ಕು ನಿಯಂತ್ರಣ ಇಲ್ಲದೆ ಈ ಪ್ಲೇಟಿಗೆ ಬೆಲೆಯಿಲ್ಲ. ಪೆಪ್ಟೈಡ್ ಇಲ್ಲದ ವೆಲ್, ಮೊದಲ ಪ್ರತಿಕಾಯ ಇಲ್ಲದ ವೆಲ್, ಅದೇ ಐಸೊಟೈಪಿನ (ವರ್ಗದ) ಸಂಬಂಧವಿಲ್ಲದ ಪ್ರತಿಕಾಯ, ಅದೇ ಅಮೈನೊ ಆಮ್ಲಗಳನ್ನು ಕಲಸಿ ಜೋಡಿಸಿದ ಪೆಪ್ಟೈಡ್. ಎರಡನೇ ಪ್ರತಿಕಾಯವನ್ನು ಎಲ್ಲ 67ರ ಮೇಲೂ ಒಂದು ಸಲ ಒಂಟಿಯಾಗಿ ಓಡಿಸಿ ನೋಡುವುದೂ ಒಳ್ಳೆಯದು. ಧನ ವಿದ್ಯುದಂಶದ ಪೆಪ್ಟೈಡ್‌ಗಳು ಅದನ್ನೇ ಎಳೆದುಕೊಂಡು ಸುಳ್ಳು ಬಣ್ಣ ಕೊಡುವುದುಂಟು.

ಪೆಪ್ಟೈಡ್‌ನ ಗುಣಮಟ್ಟದ ಲೆಕ್ಕವನ್ನು ಬಹಳ ಮಂದಿ ಹಾಕುವುದಿಲ್ಲ. 15ರ ಪೆಪ್ಟೈಡಿಗೆ 14 ಜೋಡಣೆ. ಒಂದೊಂದು ಜೋಡಣೆಯೂ ಶೇಕಡಾ 99 ಯಶಸ್ವಿಯಾದರೆ ಪೂರ್ಣ ಉದ್ದದ್ದು ಶೇಕಡಾ 87ರಷ್ಟು. 95 ಆದರೆ ಅರ್ಧಕ್ಕೂ ಕಡಿಮೆ. ಸೆಲ್ಯುಲೋಸ್ ಹಾಳೆಯ ಮೇಲೇ ತಯಾರಾದ ಪೆಪ್ಟೈಡ್‌ಗಳನ್ನು ಶುದ್ಧೀಕರಿಸಲು ಆಗದು. ಅಲ್ಲಿ ಖಾಲಿ ಚುಕ್ಕೆ ಎಂದರೆ ಎಪಿಟೋಪ್ ಇಲ್ಲ ಎಂದಲ್ಲ, ಪೆಪ್ಟೈಡೇ ಇಲ್ಲದಿರಬಹುದು. ಇನ್ನೊಂದು ತೊಡಕು 134ರ ಸಿಸ್ಟೀನ್. ಅದಿರುವ ಪೆಪ್ಟೈಡ್‌ಗಳು ಗಾಳಿ ತಗುಲಿ ಎರಡೆರಡು ಜೋಡಿಯಾಗುತ್ತವೆ. ಸಿಸ್ಟೀನ್ ಬದಲು ಸೆರಿನ್ ಹಾಕಿಸಿದ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಂಡರೆ ಗೊಂದಲವಿಲ್ಲ.

ಅದೇ ಸೀರಂನಲ್ಲಿ ಕಾಣದೆ ಉಳಿದದ್ದು

1984ರ ಸೀರಂ ಇಡೀ ವೈರಸ್ ಕೊಟ್ಟು ಬರಿಸಿದ್ದು. ಇಡೀ ವೈರಸ್ ಕಂಡ ಪ್ರಾಣಿಯ ರಕ್ತದಲ್ಲಿ ವಿಪಿ2, ವಿಪಿ3ರ ವಿರುದ್ಧವೂ ಪ್ರತಿಕಾಯ ಇರುತ್ತದೆ. ಆ ಸ್ಕ್ಯಾನ್ ವಿಪಿ1ರದು ಮಾತ್ರ, ಹಾಗಾಗಿ ಅವು ಕಾಣದಿದ್ದುದು ಸಹಜ. ಆದರೆ ವಿಪಿ1ರಲ್ಲೇ ಇರುವ 43, 44ನೇ ಸ್ಥಾನಗಳ ತಾಣ? ಅದು ಎದ್ದು ಬರಲಿಲ್ಲ. ಕಾರಣ ಸರಳ. ಆ ತಾಣವನ್ನು ಹಿಡಿಯುವ ಪ್ರತಿಕಾಯಕ್ಕೆ ಬೇಕಾದದ್ದು ಕವಚದಲ್ಲಿ ಮಡಿಸಿ ನಿಂತಿರುವ ಆಕಾರ. ಸಾಲಿನಲ್ಲಿ ದೂರವಿರುವ ಅಮೈನೊ ಆಮ್ಲಗಳು ಮಡಿಕೆಯಲ್ಲಿ ಅಕ್ಕಪಕ್ಕ ಬಂದು ಆಗುವ ಮೇಲ್ಮೈಯನ್ನು ಆರರ ಪೆಪ್ಟೈಡ್ ಆಗಲಿ, ಹದಿನೈದರದ್ದಾಗಲಿ ಕಟ್ಟಿಕೊಡಲಾರದು. ಕುಣಿಕೆಗೆ ಈ ತೊಂದರೆ ಇಲ್ಲ: ಅದು ವೈರಸ್ ಮೇಲೂ ಸಡಿಲವಾಗಿ ಆಡುವ ತುಂಡು, ಬಿಡಿ ಪೆಪ್ಟೈಡ್‌ನಲ್ಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಒ ಸೀರೊಟೈಪಿನ ರೂಪಾಂತರಿಗಳಿಂದ ಬಂದ ನಕ್ಷೆ ಹೀಗಿದೆ. ಮೊದಲ ತಾಣ ವಿಪಿ1ರ 144, 148, 154 ಮತ್ತು ಬಾಲದ 208. ಎರಡನೆಯದು ವಿಪಿ2ರ 70ರಿಂದ 73, 75, 77, ಜೊತೆಗೆ ಬಹು ದೂರದ 131. ಮೂರನೆಯದು ವಿಪಿ1ರ 43, 44. ನಾಲ್ಕನೆಯದು ವಿಪಿ3ರ 58. ಐದನೆಯದು ವಿಪಿ1ರ 149; ಅದೇ ಕುಣಿಕೆಯಲ್ಲಿದ್ದರೂ ಆಕಾರವನ್ನು ಅವಲಂಬಿಸಿದ್ದು. ಐದರಲ್ಲಿ ಸಾಲು ಪೆಪ್ಟೈಡ್‌ಗೆ ಸಿಗುವುದು ಮೊದಲನೆಯದು ಮಾತ್ರ. ಎರಡನೇ ತಾಣದಲ್ಲಿ 77ಕ್ಕೂ 131ಕ್ಕೂ ನಡುವೆ 50ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಅಂತರ. ಯಾವ ಪೆಪ್ಟೈಡ್ ಇವೆರಡನ್ನೂ ಒಟ್ಟಿಗೆ ಹಿಡಿದಿಡುತ್ತದೆ?

ಸ್ಕ್ಯಾನಿಗೆ ಮೊದಲೇ ಮಾಡಬೇಕಾದ ವಿಂಗಡಣೆ

ಈ ಪ್ರಕರಣ ಕಲಿಸುವ ಕ್ರಮ ಎಂದರೆ ಪೆಪ್ಟೈಡ್ ಕೊಳ್ಳುವ ಮುಂಚೆ ಪ್ರತಿಕಾಯವನ್ನು ನಾಲ್ಕು ಸ್ಥಿತಿಯ ಪ್ರತಿಜನಕದ (ಇಲ್ಲಿ ವೈರಸ್‌ನ) ಮೇಲೆ ನೋಡಿಬಿಡುವುದು. ನಿಷ್ಕ್ರಿಯಗೊಳಿಸಿದ 146ಎಸ್, ಅದನ್ನೇ ಒಡೆದ 12ಎಸ್, ಟ್ರಿಪ್ಸಿನ್ ಹಾಕಿದ 146ಎಸ್, ಮಡಿಕೆ ಬಿಚ್ಚಿಹೋಗುವಂತೆ ಎಸ್‌ಡಿಎಸ್ ಮತ್ತು ಮರ್ಕ್ಯಾಪ್ಟೊಎಥನಾಲ್‌ನಲ್ಲಿ ಕುದಿಸಿದ್ದು. ಟ್ರಿಪ್ಸಿನ್ ಕಿಣ್ವ ಲೈಸಿನ್ ಮತ್ತು ಅರ್ಜಿನೈನ್ ಆದಮೇಲೆ ಕತ್ತರಿಸುತ್ತದೆ. ಒ ಕುಣಿಕೆಯಲ್ಲಿ 145, 154, 157ರಲ್ಲಿ ಅವೇ ಇವೆ. ಟ್ರಿಪ್ಸಿನ್ ಆದಮೇಲೆ ಹಿಡಿತ ಹೋಯಿತು, ಕುದಿಸಿದ್ದರ ಮೇಲೂ ಉಳಿಯಿತು ಎಂದರೆ ಮೊದಲ ತಾಣವೇ ಇರಬೇಕು, ಸ್ಕ್ಯಾನ್ ಮಾಡಿ. ಟ್ರಿಪ್ಸಿನ್‌ಗೆ ಜಗ್ಗಲಿಲ್ಲ, ಕುದಿಸಿದ್ದರಲ್ಲಿ ಕಾಣಲಿಲ್ಲ ಎಂದರೆ ಎರಡು, ಮೂರು, ನಾಲ್ಕರ ಕಡೆ ಹೊರಡಿ. ಪೆಪ್ಟೈಡ್‌ಗೆ ಹಾಕುವ ಹಣ ವ್ಯರ್ಥ. 146ಎಸ್ ಹಿಡಿದು 12ಎಸ್ ಬಿಟ್ಟರೆ ಎಪಿಟೋಪ್ ಇಡೀ ಕಣದ ಜೋಡಣೆಯನ್ನೇ ನಂಬಿಕೊಂಡಿದೆ. ಲಸಿಕೆಯಲ್ಲಿ ಇಡೀ ಕಣ ಎಷ್ಟು ಉಳಿದಿದೆ ಎಂದು ಅಳೆಯಲು ಅಂಥ ಪ್ರತಿಕಾಯವೇ ಬೇಕು. ಅದು ಸಿಕ್ಕರೆ ಜೋಪಾನ ಮಾಡಿ.

ಈ ವಿಂಗಡಣೆ ತಪ್ಪುವುದು ಪ್ಲೇಟಿನ ಮೇಲೆ. ಶುದ್ಧ ವೈರಸ್ಸನ್ನು ನೇರವಾಗಿ ಪ್ಲಾಸ್ಟಿಕ್‌ಗೆ ಅಂಟಿಸಿದರೆ ಕಣಗಳ ಒಂದು ಪಾಲು ವಿರೂಪವಾಗುತ್ತದೆ. ಆಗ ಆಕಾರ ಬೇಡುವ ಪ್ರತಿಕಾಯ ದುರ್ಬಲವಾಗಿ ಕಾಣುತ್ತದೆ, ಸಾಲು ಪೆಪ್ಟೈಡ್ ಬೇಡುವುದು ಬಲವಾಗಿ ಕಾಣುತ್ತದೆ. ಅದಕ್ಕೆ ಈ ವೈರಸ್ ವಿರುದ್ಧದ ಮೊಲದ ಸೀರಂನ ಐಜಿಜಿ (ಪ್ರತಿಕಾಯಗಳ ಮುಖ್ಯ ವರ್ಗ) ಮೊದಲು ಅಂಟಿಸಿ, ಅದರ ಮೂಲಕ ವೈರಸ್ ಹಿಡಿಸಬೇಕು. ಪ್ರತಿಜನಕ ತೆಳುಮಾಡುವ ಬಫರಿನ ಪಿಎಚ್ 7.4ಕ್ಕಿಂತ ಕೆಳಗೆ ಬಾರದಂತೆ ಅಂದಂದೇ ಅಳೆದುಕೊಳ್ಳಿ. ಹಳೆಯ ದಾಸ್ತಾನು ಬಳಸುವುದಾದರೆ ಸಕ್ಕರೆ ಗ್ರೇಡಿಯೆಂಟಿನಲ್ಲಿ ಮತ್ತೊಮ್ಮೆ ಓಡಿಸಿ 146ಎಸ್ ಶಿಖರ ಇದೆಯೇ ನೋಡಿ. ಒ ಕವಚ ಎ ಕವಚಕ್ಕಿಂತ ನಾಜೂಕು.

ಸ್ಪರ್ಧೆಯಿಂದ ಗುಂಪು

ಈಗಾಗಲೇ ತಾಣ ಗೊತ್ತಿರುವ ಐದು ಪ್ರತಿಕಾಯಗಳ ಎದುರು ಹೊಸದನ್ನು ಸ್ಪರ್ಧೆಗೆ ಇಳಿಸುವುದು ಮುಂದಿನ ಹೆಜ್ಜೆ. ಗುರುತು ಹಾಕಿದ ಪ್ರತಿಕಾಯವನ್ನು ಗರಿಷ್ಠ ಬಣ್ಣದ ಶೇಕಡಾ 70ರಿಂದ 80 ಕೊಡುವ ಪ್ರಮಾಣಕ್ಕೆ ಹೊಂದಿಸಬೇಕು. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇಟ್ಟರೆ ನಿಜವಾದ ಸ್ಪರ್ಧೆಯೂ ಮುಚ್ಚಿಹೋಗುತ್ತದೆ. ಗುರುತಿಲ್ಲದ ಸ್ಪರ್ಧಿಯನ್ನು ಅದರ 100 ಪಟ್ಟಿನಿಂದ ಆರಂಭಿಸಿ ಮೂರು ಮೂರು ಪಟ್ಟು ತೆಳುಮಾಡುತ್ತ ಹೋಗಿ. ತನ್ನೊಂದಿಗೇ ಸ್ಪರ್ಧಿಸಿದಾಗ ಶೇಕಡಾ 90ರಷ್ಟಾದರೂ ತಡೆ ಬರಬೇಕು. ಬಾರದಿದ್ದರೆ ಆ ಪ್ಲೇಟನ್ನು ಓದಬೇಡಿ.

ಪರೀಕ್ಷೆಯನ್ನು ಎರಡೂ ದಿಕ್ಕಿನಲ್ಲಿ ಮಾಡಲೇಬೇಕು. ಬಿಗಿಯಾಗಿ ಹಿಡಿಯುವ ಪ್ರತಿಕಾಯ ಸಡಿಲವಾದದ್ದನ್ನು ತಳ್ಳುತ್ತದೆ, ಸಡಿಲವಾದದ್ದು ಬಿಗಿಯಾದದ್ದನ್ನು ಅಲುಗಿಸಲಾರದು. ಒಂದೇ ದಿಕ್ಕು ನೋಡಿದರೆ ತಪ್ಪು ಗುಂಪಿಗೆ ಸೇರಿಸುತ್ತೀರಿ. ಅಳತೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಐಜಿಜಿಯ ಹರವು 10 ನ್ಯಾನೊಮೀಟರಿಗೂ ಹೆಚ್ಚು, ವೈರಸ್ಸೇ 30. ಒಂದು ತಾಣದಲ್ಲಿ ಕೂತ ಐಜಿಜಿ ಪಕ್ಕದ ತಾಣದ ದಾರಿಯನ್ನೂ ಅಡ್ಡಗಟ್ಟುತ್ತದೆ. ತಡೆ ಕಂಡ ಜೋಡಿಗಳನ್ನು ಫ್ಯಾಬ್ ತುಣುಕಿನಲ್ಲಿ (ಪ್ರತಿಕಾಯದ ಹಿಡಿಯುವ ತೋಳು ಮಾತ್ರ) ಮತ್ತೆ ಮಾಡಿ: ಫ್ಯಾಬ್‌ನಲ್ಲೂ ತಡೆ ಉಳಿದರೆ ತಾಣಗಳು ನಿಜವಾಗಿ ಒಂದರ ಮೇಲೊಂದು ಅಥವಾ ತೀರಾ ಹತ್ತಿರ; ಹೋದರೆ ಅದು ಬರೇ ಗಾತ್ರದ ಅಡ್ಡಿ.

ರೂಪಾಂತರಿ ಹೇಳುವುದು, ಹೇಳದಿರುವುದು

ಮೊನೊಕ್ಲೋನಲ್ ಪ್ರತಿಕಾಯದ ಎದುರು ಬದುಕುಳಿದ ವೈರಸ್‌ನ ಕವಚದ ಸೀಕ್ವೆನ್ಸ್ ಓದಿದರೆ ಯಾವ ಅಮೈನೊ ಆಮ್ಲ ಬದಲಾಯಿತೆಂದು ಗೊತ್ತಾಗುತ್ತದೆ. ಐದು ತಾಣಗಳ ಪಟ್ಟಿ ಬಂದದ್ದೇ ಹೀಗೆ. ಜೀವಂತ ವೈರಸ್ಸಿನ ಈ ಕೆಲಸ ಅನುಮತಿ ಇರುವ ಉನ್ನತ ಸುರಕ್ಷತೆಯ ಪ್ರಯೋಗಾಲಯಗಳಿಗೆ ಮಾತ್ರ ಸೇರಿದ್ದು. ಅಲ್ಲಿಂದ ಬಂದ ಫಲಿತಾಂಶವನ್ನು ಓದುವಾಗ ಎರಡು ಕಡೆ ಎಡವುತ್ತಾರೆ.

ಮೊದಲನೆಯದು, ಬದಲಾದ ಜಾಗವೇ ಪ್ರತಿಕಾಯ ಮುಟ್ಟುವ ಜಾಗ ಎಂಬ ನಂಬಿಕೆ. 1990ರಲ್ಲಿ ಒ ವೈರಸ್‌ನ ರೂಪಾಂತರಿಗಳ ಸ್ಫಟಿಕ ರಚನೆ ನೋಡಿದಾಗ, ಬದಲಾದ ಅಮೈನೊ ಆಮ್ಲಗಳು ಪ್ರತಿಕಾಯಕ್ಕೆ ನೇರವಾಗಿ ತಾಗುವ ಜಾಗದಲ್ಲಿ ಇರಲೇ ಇಲ್ಲ. ಬದಲಾವಣೆ ಆದದ್ದು ಒಂದು ಕಡೆ, ಅದರ ಪರಿಣಾಮವಾಗಿ ಕುಣಿಕೆಯ ಭಂಗಿ ಕೆಟ್ಟು ಎಪಿಟೋಪ್ ಕಳೆದುಹೋದದ್ದು ಇನ್ನೊಂದು ಕಡೆ. ಕುಣಿಕೆ ಕವಚದ ಉಳಿದ ಭಾಗಕ್ಕೆ ಹೇಗೆ ತಗುಲಿಕೊಂಡಿದೆ ಎಂಬುದಕ್ಕೆ ಒಂದು ಬಂಧ ನೋಡಿದರೆ ಸಾಕು: ವಿಪಿ1ರ 134ನೇ ಸಿಸ್ಟೀನ್, ವಿಪಿ2ರ 130ನೇ ಸಿಸ್ಟೀನ್, ಇವೆರಡರ ನಡುವಿನ ಡೈಸಲ್ಫೈಡ್ (ಗಂಧಕ-ಗಂಧಕ ಬಂಧ). 1993ರಲ್ಲಿ ಡಿಟಿಟಿ ಎಂಬ ರಾಸಾಯನಿಕ ಹಾಕಿ ಆ ಬಂಧ ಬಿಡಿಸಿದ ಮೇಲೇ ಕುಣಿಕೆ ಒಂದು ಭಂಗಿಗೆ ಬಂದು ಸ್ಫಟಿಕದಲ್ಲಿ ಸ್ಪಷ್ಟವಾಗಿ ಕಂಡಿತು. ವಿಪಿ2ರ 130ಕ್ಕೆ ಅಂಟಿಕೊಂಡೇ ಎರಡನೇ ತಾಣದ 131 ಇದೆ. ಇಂಥ ನೆರೆಹೊರೆಯಲ್ಲಿ ಒಂದು ಬದಲಾವಣೆಯ ಹೊಣೆಯನ್ನು ಒಂದೇ ತಾಣದ ಮೇಲೆ ಹೊರಿಸುವುದು ಆತುರವಾಗುತ್ತದೆ.

ಎರಡನೆಯದು, ಕೋಶ ಕೃಷಿಯೇ ತರುವ ಬದಲಾವಣೆ. ಕೃಷಿಗೆ ಒಗ್ಗಿದ ಒ ವೈರಸ್ ಇಂಟೆಗ್ರಿನ್ ಬದಲು ಜೀವಕೋಶದ ಮೇಲಿನ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿ ಹಿಡಿಯಲು ಕಲಿಯುತ್ತದೆ. ವಿಪಿ3ರ 56ರಲ್ಲಿ ಹಿಸ್ಟಿಡಿನ್ ಹೋಗಿ ಅರ್ಜಿನೈನ್ ಬರುವುದು ಅದರ ಗುರುತು. ನಾಲ್ಕನೇ ತಾಣದ 58 ಅದಕ್ಕೆ ಎರಡೇ ಸ್ಥಾನ ಆಚೆ. ಪ್ರತಿಕಾಯ ಹಾಕದೆ ಅಷ್ಟೇ ಸಲ ಬೆಳೆಸಿದ ವೈರಸ್‌ನ ಸೀಕ್ವೆನ್ಸ್ ಪಕ್ಕದಲ್ಲಿ ಇಲ್ಲದಿದ್ದರೆ, 56ರ ಬದಲಾವಣೆಯನ್ನು ನಾಲ್ಕನೇ ತಾಣದ ಖಾತೆಗೆ ಬರೆದುಬಿಡುವುದು ಬಹಳ ಸುಲಭ.

ಸೋಂಕು ಹರಡದ ದಾರಿಯೂ ಇದೆ. ಆರ್‌ಎನ್‌ಎ ಇಲ್ಲದ ಖಾಲಿ ಕವಚಗಳನ್ನು ತಯಾರಿಸಿ, ಸಂದೇಹ ಇರುವ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಅಲನಿನ್‌ಗೆ ಬದಲಾಯಿಸಿ, ಹೊಸ ಪ್ರತಿಕಾಯದ ಮತ್ತು ಐದೂ ತಾಣಗಳ ಪ್ರತಿಕಾಯಗಳ ಎದುರು ಹಿಡಿಯುವುದು. ಹೊಸ ಪ್ರತಿಕಾಯದ ಹಿಡಿತ ಒಂದೇ ಬಿದ್ದು ಉಳಿದವು ನಿಂತರೆ ಆ ಅಮೈನೊ ಆಮ್ಲ ಬೇಕಾದದ್ದು. ಎಲ್ಲವೂ ಒಟ್ಟಿಗೆ ಬಿದ್ದರೆ ಕವಚವೇ ಮಡಿಸಿಕೊಂಡಿಲ್ಲ. ಆ ಫಲಿತಾಂಶವನ್ನು ನಕ್ಷೆಗೆ ಸೇರಿಸಬಾರದು. ಹಿಡಿತದ ನಿಜವಾದ ಗಡಿ ಬೇಕೆಂದರೆ ಫ್ಯಾಬ್ ಕೂರಿಸಿದ ಕವಚದ ಕ್ರಯೊ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ) ರಚನೆಯೇ ಬೇಕು.

ನಕ್ಷೆಯ ಆಚೆ

141–160ರ ಪೆಪ್ಟೈಡ್ ಮೇಲೆ ಲಸಿಕೆಯ ದೊಡ್ಡ ಆಸೆ ಕಟ್ಟಿಕೊಂಡಿದ್ದರು. ಆದರೆ ದನಗಳಲ್ಲಿ ಅದರ ರಕ್ಷಣೆ ನಿಷ್ಕ್ರಿಯಗೊಳಿಸಿದ ಇಡೀ ವೈರಸ್‌ನ ಮಟ್ಟಕ್ಕೆ ಬರಲಿಲ್ಲ. ಒಂದೇ ತಾಣಕ್ಕೆ ಗುರಿಯಿಟ್ಟರೆ ಆ ತಾಣ ಬದಲಾದ ದಿನ ರಕ್ಷಣೆಯೂ ಹೋಗುತ್ತದೆ. ಉಳಿದ ನಾಲ್ಕರ ಪ್ರತಿಕಾಯ ಹುಟ್ಟಿಸುವ ಆಕಾರ ಪೆಪ್ಟೈಡ್‌ನಲ್ಲಿ ಇಲ್ಲ.

ಐದು ತಾಣಗಳ ನಕ್ಷೆಯೂ ಪೂರ್ಣವಲ್ಲ. ಐದೂ ತಾಣಗಳಲ್ಲಿ ಪ್ರತಿಕಾಯದಿಂದ ತಪ್ಪಿಸಿಕೊಂಡ ರೂಪಾಂತರಿ ಮತ್ತು ಮೂಲ ವೈರಸ್ ನಡುವೆ ಗಿನಿ ಹಂದಿಗಳಲ್ಲಿ ಪೂರ್ತಿ ಅಡ್ಡ ರಕ್ಷಣೆ ಕಂಡುಬಂತು. ಅಂದರೆ ಪ್ರಾಣಿಯ ಸೀರಂ ಈ ಐದರ ಹೊರಗೂ ಎಲ್ಲೋ ಹಿಡಿಯುತ್ತಿದೆ. ಮುಂದೆ ದನಗಳ ಸೀರಂ ಹಿಡಿದು ಹಲವು ಒ ತಳಿಗಳನ್ನು ಹೋಲಿಸಿದಾಗ ವಿಪಿ2ರ 74 ಮತ್ತು 191, ವಿಪಿ3ರ 85 ಹೊಸ ಅಭ್ಯರ್ಥಿಗಳಾಗಿ ಬಂದವು. ಹಿಂದಿನ ನಕ್ಷೆ ಬಿಡಿಸಿದ್ದು ಬಹುಪಾಲು ಇಲಿಯ ಮೊನೊಕ್ಲೋನಲ್ ಪ್ರತಿಕಾಯಗಳಿಂದ. ಲಸಿಕೆ ಹೊಂದಿಸುವುದು ದನಕ್ಕೆ ಎಂದಾದರೆ ದನದ ಸೀರಂನಿಂದಲೂ ನಕ್ಷೆ ಬಿಡಿಸಲೇಬೇಕು. ಈ ಒಂದು ವಿಷಯದಲ್ಲಿ ರಾಜಿ ಬೇಡ.

ವರದಿ ಬರೆಯುವಾಗ ಪುರಾವೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಬರೆಯಿರಿ. ಸ್ಪರ್ಧೆಯ ಪರೀಕ್ಷೆ ಮಾತ್ರ ಆಗಿದ್ದರೆ "ಎರಡನೇ ತಾಣದ ಪ್ರತಿಕಾಯದೊಂದಿಗೆ ಎರಡೂ ದಿಕ್ಕಿನಲ್ಲಿ ಸ್ಪರ್ಧಿಸುತ್ತದೆ". ರೂಪಾಂತರಿ ಓದಿದ್ದರೆ "ವಿಪಿ2ರ 72 ಬದಲಾದರೆ ಹಿಡಿತ ಹೋಗುತ್ತದೆ". ರಚನೆ ಕೈಯಲ್ಲಿದ್ದರೆ ಮಾತ್ರ "72ಕ್ಕೆ ತಾಗುತ್ತದೆ". ಪೆಪ್ಟೈಡ್ ಸ್ಕ್ಯಾನ್ ಖಾಲಿ ಬಂದಿದ್ದರೆ ಪೆಪ್ಟೈಡ್‌ಗಳ ಉದ್ದ, ಸರಿಸಿದ ಅಂತರ, ಯಾವ ಪ್ರೋಟೀನ್‌ಗಳನ್ನು ಸ್ಕ್ಯಾನ್ ಮಾಡಿದ್ದು, ಅದೇ ಪ್ರತಿಕಾಯ 146ಎಸ್ ಮೇಲೆ ಕೊಟ್ಟ ಓದು ಎಷ್ಟು, ಇವಿಷ್ಟನ್ನೂ ಅದೇ ಸಾಲಿನಲ್ಲಿ ಸೇರಿಸಿ.